ಟವೆಂಗ್ವನ ಕೋಲು

…ಇನ್ನೊಂದು ಸಲ ಹೇಳ್ತೀನಿ, ಬಿಡಿಸಿ ಹೇಳ್ತೀನಿ, ಕೇಳು. ಒಂದು ಹಿಟ್ಟಿನ ಗಿರಣಿ, ಡೀಸೆಲ್ ಇಂಜಿನ್ನು ಸಮೇತ. ಏಳು ದನ, ಅದರಲ್ಲಿ ಕಪ್ಪು ಹಸು ಗಬ್ಬ. ತಗಡಿನ ಮನೆ. ಹೊಳೆದಂಡೆ ಹೊಲ. ಇಷ್ಟೂ ನಿನ್ನ ಅಂಗಳ ಬಿಟ್ಟು ಕದಲಬಾರದು ಅಂದ್ರೆ ನೀನು ಕೊಡಬೇಕಾದ ಬೆಲೆ ಏನು? ನಿನ್ನ ಕೈಯಲ್ಲಿರೋ ನಿನ್ನ ಗಂಡನ ಆ ಕೋಲು. ಅದನ್ನ ಒಯ್ದು ಹೊರಗೆ ಚಾಪೆ ಮೇಲೆ ಕೂತಿರೋ ನಿನ್ನ ಮೈದುನ ಗಿವ್‌ಮೋರನ ಕೈಗೆ ಇಟ್ಟು ಅವನ ಹೆಂಡತಿಯಾಗೋದು. ಆಯ್ತು! ಮುಗೀತು! ಇಷ್ಟು ಅಗ್ಗದ ವ್ಯಾಪಾರ ನನ್ನ ಅಂಗಡಿ ಮೆಟ್ಟಿಲು ಯಾವತ್ತೂ ಹತ್ತಿಲ್ಲ, ರುವಿಂಬೊನ ಅವ್ವ.

ಯಾಕೆ ನಗ್ತೀಯ?

ನಗಬೇಡ ಕಣೇ. ನಿನ್ನ ಗಂಡ ಟವೆಂಗ್ವನ ವರ್ಷದ ಕಾರ್ಯ ಇವತ್ತು. ಊರಿಗೆ ಊರೇ ಅಂಗಳದಲ್ಲಿ ಕೂತು ರಾಗಿ ಹೆಂಡ ಕುಡೀತಿದೆ. ಬೆಳಿಗ್ಗೆ ತಾನೇ ದುಃಖದ ಕಪ್ಪು ಬಟ್ಟೆ ಬಿಚ್ಚಿದಳು, ಆಗಲೇ ಅಡುಗೆಗುಡಿಸಲಲ್ಲಿ ಕೂತು ನಕ್ಕಳು ಅಂದ್ರೆ… ನೋಡು, ಸೆಕಾಯಿ ಅಜ್ಜಿ ಬಾಗಿಲಲ್ಲೇ ಕೂತಿದೆ. ಮಾತಿಗೆ ಹೆದರಬೇಡ, ಅದಕ್ಕೆ ಕಿವಿ ಹೋಗಿ ಎಷ್ಟು ಮಳೆಗಾಲ ಆಯ್ತೋ! ಗುಡುಗಿದರೂ 'ಯಾರೋ ಕರೆದ ಹಾಗಾಯ್ತು' ಅನ್ನುತ್ತೆ. ಆದ್ರೆ ಕಣ್ಣು ಗಿಡುಗನದು. ಕಂಡದ್ದನ್ನ ಸಂಜೆಯೊಳಗೆ ಹೊಳೆಯಾಚೆಗೂ ಮುಟ್ಟಿಸುತ್ತೆ.

ಬಾ, ಈ ಕಡೆ ತಿರುಗು, ತಲೆವಸ್ತ್ರ ಕಟ್ತೀನಿ. ಅದೇ ನೆಪ ಹೇಳಿ ಒಳಗೆ ಬಂದಿದೀನಿ. 'ತಮ್ಮನ ಹೆಂಡತಿಗೆ ತಲೆ ಕಟ್ಟಿ ಕಳಿಸ್ತೀನಿ, ನೀವು ಇನ್ನೊಂದು ಮಡಕೆ ಮುಗಿಸಿ' ಅಂದೆ ಗಂಡಸರಿಗೆ. ಮುಗಿಸ್ತಾರೆ. ಆ ಒಂದು ಕೆಲಸ ಅವರಿಗೆ ಯಾರೂ ಎರಡು ಸಲ ಹೇಳಬೇಕಾಗಿಲ್ಲ.

ಬೆಳಿಗ್ಗೆ ನೀನು ನೆಲದ ಮೇಲಿಟ್ಟ ಅವನ ಬಿಲ್ಲು ದಾಟಿದ್ದು ನೋಡಿದೆ. ಗಂಡ ಹೋದ ಮೇಲೆ ಇನ್ನೊಬ್ಬನ ನೆರಳು ಸೋಕಿಸಿಕೊಂಡವಳಾದರೆ ಆ ಬಿಲ್ಲಿನ ಮುಂದೆ ಕಾಲು ಮರಗಟ್ಟುತ್ತೆ. ನೀನು ಹೊಸ್ತಿಲು ದಾಟಿದ ಹಾಗೆ ದಾಟಿದೆ. ಹೆಂಗಸರೆಲ್ಲ ಕೇಕೆ ಹಾಕಿದರು. ನಾನೂ ಹಾಕಿದೆ… ಗಿವ್‌ಮೋರ್ ಮಾತ್ರ ಪಕ್ಕದವನ ಪಕ್ಕೆಗೆ ತಿವಿದ. ಸಂತೆಯಲ್ಲಿ ಹಸುವಿನ ಹಲ್ಲು ಎಣಿಸಿ, ಸರಿ ಇದೆ ಅಂತ ಗೊತ್ತಾದವನ ಮುಖ ಅದು.

ಸರಿ, ಸರಿ. ಅವನನ್ನ ನಾನೇನೂ ಹೊಗಳೋಕೆ ಬಂದಿಲ್ಲ. ಕುಡೀತಾನೆ, ಒಪ್ತೀನಿ. ಆಗಲೇ ಇಬ್ಬರನ್ನ ಕಟ್ಕೊಂಡಿದಾನೆ, ಅದೂ ಒಪ್ತೀನಿ. ಇಂಗ್ಲಿಷ್ ಬಾರದ ನಮ್ಮಪ್ಪ ಕೊನೇ ಮಗನಿಗೆ ಇಂಗ್ಲಿಷ್ ಹೆಸರಿಟ್ಟ. 'ಇನ್ನಷ್ಟು ಕೊಡು' ಅಂತ ಅರ್ಥವಂತೆ. ಅಪ್ಪ ದೇವರಿಗೆ ಹೇಳಿದ್ದು ಅದು. ಇವನು ಊರಿಗೆಲ್ಲ ಹೇಳಿದ್ದು ಅಂದ್ಕೊಂಡು ಬೆಳೆದ… ಅಬ್ಬ! ಈಗ ನಕ್ಕೆ. ಇದಕ್ಕೆ ನಗಬಹುದು, ತಪ್ಪಿಲ್ಲ.

ಹೊಡೀತಾನೆ. ಹೌದು. ಯಾವನು ಹೊಡೆಯಲ್ಲ ಹೇಳು? …ಟವೆಂಗ್ವ ಹೊಡೀತಿರಲಿಲ್ಲ, ಗೊತ್ತು ಕಣೇ. ನನ್ನ ಬೆನ್ನಿಗೆ ಬಿದ್ದ ತಮ್ಮ, ನನಗೆ ಗೊತ್ತಿಲ್ವಾ? ಅಂಥ ಮಾಲು ಒಂದೇ ಸಲ ಬರೋದು. ಖಾಲಿಯಾಯ್ತು. ಈಗ ಅಂಗಡಿಯಲ್ಲಿ ಇರೋದು ಗಿವ್‌ಮೋರ್. ಇರೋದರಲ್ಲಿ ಆರಿಸ್ಕೋಬೇಕು.

ಏನು? ನನ್ನ ಬಾಯಿ ಯಾಕೆ ನೋಡ್ತೀಯ? …ಈ ಹಲ್ಲಾ? ಬಿಡು, ಅದು ಹಳೇ ಕತೆ. ಹಲ್ಲಿಲ್ಲದೆಯೂ ಜೋಳದ ಮುದ್ದೆ ನುಂಗಬಹುದು. ಜಗಿಯೋಕೆ ಅದರಲ್ಲಿ ಏನಿದೆ?

ಕಾನೂನು ಅಂತೀಯ? ಅಂದಿಲ್ಲ, ಆದ್ರೆ ಹುಬ್ಬು ಅಂತು. ಆ ಪಟ್ಟಣದ ಹುಡುಗಿ ಬಂದು ಅತ್ತಿಮರದ ಕೆಳಗೆ ಹೇಳಿದ್ದು ನಾನೂ ಕೇಳಿದೀನಿ. ಮುಂದಿನ ಸಾಲಲ್ಲೇ ಕೂತಿದ್ದೆ. ಅವಳು ಎಲ್ಲರಿಗೂ ಹಂಚಿದ ಸೋಡಾ ನನ್ನ ಅಂಗಡಿದೇ. 'ಕಾನೂನಿನ ಕಣ್ಣಿಗೆ ಹೆಂಗಸು ಇನ್ನು ಮಗು ಅಲ್ಲ, ಗಂಡ ಸತ್ತರೆ ಮನೆ ಹೆಂಡತಿದು, ಮನೆಯೊಳಗಿನ ಸಾಮಾನು ಹೆಂಡತಿದು, ಮೈದುನನ ಕೈ ಹಿಡೀಬೇಕು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ.' ಎಷ್ಟು ಚೆನ್ನಾಗಿ ಹೇಳಿದಳು! ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಾಯ್ತು ನನಗೆ. ಆದ್ರೆ ಕಾನೂನು ಹೊಸ ಮಾಲು ಕಣೇ. ಹರಾರೆಯಲ್ಲಿ ತುಂಬಿಸಿ ಕಳಿಸ್ತಾರೆ, ನಮ್ಮ ಹೊಳೆ ದಾಟೋ ಹೊತ್ತಿಗೆ ಚೀಲದಲ್ಲಿ ಎಷ್ಟು ಉಳಿದಿರುತ್ತೆ? ಕೋರ್ಟು ಮಸ್ವಿಂಗೋದಲ್ಲಿದೆ. ಗಿವ್‌ಮೋರ್ ನಿನ್ನ ಅಂಗಳದಲ್ಲಿದಾನೆ. ಬಸ್ಸು ವಾರಕ್ಕೊಮ್ಮೆ ಕೆಡುತ್ತೆ, ಅವನು ಕೆಡಲ್ಲ.

ಕೋಲು ಕೆಳಗಿಡಬೇಡ! ಹಿಡ್ಕೋ. ಸತ್ತವನ ಕೋಲು ನೆಲಕ್ಕೆ ಬೀಳಬಾರದು. ಹಿಡ್ಕೊಂಡು ಸುಳ್ಳಾಡಲೂ ಬಾರದು. ಹಾಗೇ ನೆಟ್ಟಗೆ ಹಿಡ್ಕೋ.

ಬೇಕಾದರೆ ಹಳೇ ದಾರಿ ಇನ್ನೊಂದಿದೆ ಅಂತ ನಿನ್ನ ತಲೇಲಿ ಓಡ್ತಿದೆ, ನನಗೆ ಕಾಣ್ತಿದೆ. ನಮ್ಮಜ್ಜಿಯ ಕಾಲದಲ್ಲಿ ಒಬ್ಬಿಬ್ಬರು ಕೋಲನ್ನ ಯಾವ ಗಂಡಸಿಗೂ ಕೊಡದೆ ಗಂಡನ ಅಕ್ಕನ ಕೈಗೆ ಕೊಟ್ಟದ್ದುಂಟು. 'ನನಗೆ ಯಾರೂ ಬೇಡ, ನನ್ನ ಮಕ್ಕಳ ಜೊತೆ ಇರ್ತೀನಿ' ಅಂತ ಅದರ ಅರ್ಥ. ಆ ಮೇಲೆ ಆ ಅಕ್ಕ ಸತ್ತವನ ಜಾಗದಲ್ಲಿ ನಿಲ್ಲಬೇಕು. ಅವಳ ಹೊಲ, ಅವಳ ದನ, ಅವಳ ಮಡಕೆ, ಎಲ್ಲಕ್ಕೂ ಕಾವಲು. ಯಾರು ಮುಟ್ಟಿದರೂ ಎದೆ ಕೊಡಬೇಕು. ನನ್ನ ಕಡೆ ಹಾಗೆ ನೋಡಬೇಡ! ಆ ಮೂಟೆ ನಾನು ಹೊರೋಳಲ್ಲ. ಅದಕ್ಕೇ ಚಾಪೆ ಮೇಲೆ ನಾನು ಕೂರೋದೇ ಇಲ್ಲ, ಅಡುಗೆ ನೋಡ್ಕೋತೀನಿ ಅಂತ ಮೊದಲೇ ಹೇಳಿಬಿಟ್ಟಿದೀನಿ. ನೀನು ಹೊರಗೆ ಬಂದು ಹುಡುಕಿದರೆ ನಾನು ಸಿಗಲ್ಲ. ಹಿತ್ತಲಲ್ಲಿ ಶೇಂಗಾ ಅರೀತಾ ಇರ್ತೀನಿ.

ಕೊಡೋದು ಹೇಗೆ ಅಂತ ಗೊತ್ತಲ್ಲ? ಮಂಡಿಯೂರಿ ಕೂರಬೇಕು, ಕೋಲು ಎರಡು ಅಂಗೈ ಮೇಲೆ ಅಡ್ಡ ಇರಬೇಕು, ಕಣ್ಣು ನೆಲದ ಮೇಲೆ. ಎಲ್ಲಿ, ಒಂದು ಸಲ ಮಾಡಿ ತೋರಿಸು. ನಾನೇ ಗಿವ್‌ಮೋರ್ ಅಂದ್ಕೋ… ಮಾಡೇ. ನಾಚಿಕೆ ಏನು? …ಆಯ್ತು, ಬೇಡ. ಕಲ್ಲಿನ ಹಾಗೆ ಕೂತಿರು.

ನೀನು ಈ ಮನೆಗೆ ಬಂದದ್ದು ಯಾರ ದನದಿಂದ? ನನಗೆ ಬಂದ ತೆರದ ದನ ಅಟ್ಟಿಕೊಂಡು ಹೋಗಿ ನಿನ್ನಪ್ಪನ ಕೊಟ್ಟಿಗೆಗೆ ಕಟ್ಟಿದ್ದು. ನನ್ನ ಗಂಡನ ಮನೆಯಿಂದ ಬಂದ ದನಗಳ ಹಗ್ಗದಲ್ಲೇ ನಿನ್ನನ್ನ ತಂದದ್ದು. ಹಂಗಿಸ್ತಿಲ್ಲ… ಹೌದು, ಹಂಗಿಸ್ತಿದೀನಿ! ನನ್ನ ಗಂಡ ಈ ಹಲ್ಲು ಮುರಿದ ದಿನ ನಾನು ಓಡಿ ತವರಿಗೆ ಬಂದೆ. ಅಪ್ಪ ಬಾಗಿಲಲ್ಲೇ ನಿಲ್ಲಿಸಿ ಕೇಳಿದ: 'ನೀನು ವಾಪಸ್ ಬಂದ್ರೆ ದನ ವಾಪಸ್ ಕೊಡಬೇಕು. ದನ ಎಲ್ಲಿವೆ? ಟವೆಂಗ್ವನ ಮದುವೆಗೆ ಹೋದವು. ನಡಿ, ನಿನ್ನ ಗಂಡನ ಮನೆಗೆ ನಡಿ.' ನೀನಾಗ ಹೊಸ ಮದುವಣಗಿತ್ತಿ, ಇದೇ ಗುಡಿಸಲಲ್ಲಿ ಮುದ್ದೆ ತಿರುವ್ತಿದ್ದೆ. ನಿನ್ನ ಮುದ್ದೆ ವಾಸನೆ ಮೂಗಿಗೆ ಬಡೀತಿದ್ದ ಹಾಗೇ ನಾನು ಬಾಯಿಗೆ ಬಟ್ಟೆ ಒತ್ತಿಕೊಂಡು ಹಿಂದಕ್ಕೆ ಹೋದೆ. ಈಗ ಹೇಳು. ಕೋಲು ಯಾರ ಕೈಗೆ ಕೊಡಬೇಕು ಅಂತ ಹೇಳೋ ಹಕ್ಕು ನನಗಿಲ್ವಾ?

ಅಳಬೇಡ. ನಾನೇ ಅಳ್ತಿಲ್ಲ, ನೀನ್ಯಾಕೆ ಅಳ್ತೀಯ?

ಅಪ್ಪ ಸತ್ತ ಮೇಲೆ ಟವೆಂಗ್ವನೇ ಬಂದು ಕರ್ಕೊಂಡು ಬಂದ. 'ಅಕ್ಕ, ರಸ್ತೆ ಪಕ್ಕದ ಮೂಲೆ ನಿನಗೆ' ಅಂದ. ಒಂದು ಸಕ್ಕರೆ ಚೀಲ, ಒಂದು ಡಬ್ಬ ಸೀಮೆಎಣ್ಣೆ, ಒಂದಿಷ್ಟು ಒಣಮೀನು, ಅಷ್ಟರಲ್ಲೇ ಶುರು ಮಾಡಿದೆ. ವ್ಯಾಪಾರದ ಗುಟ್ಟು ಕೇಳ್ತಿದ್ದೆ ನನ್ನನ್ನ, ನೆನಪಿದೆಯಾ? ಗುಟ್ಟೇನೂ ಇಲ್ಲ. ಮಗು ಚಿಲ್ಲರೆ ಕಾಸು ಕೊಟ್ಟರೂ ಎರಡೂ ಕೈ ಚಾಚಿ ಇಸ್ಕೊಂಡೆ. ಒಂಟಿ ಕೈಲಿ ಇಸ್ಕೊಳ್ಳೋಳ ಅಂಗಡಿಗೆ ನಮ್ಮ ಜನ ಎರಡನೇ ಸಲ ಬರಲ್ಲ. ಈಗ ಆ ಅಭ್ಯಾಸ ನನ್ನನ್ನೂ ಕೇಳಲ್ಲ. ನಿದ್ದೆಯಲ್ಲಿ ಏನಾದರೂ ಕೊಟ್ಟರೂ ಎರಡೂ ಕೈ ಏಳುತ್ತೆ.

ಗಿರಣಿ? ಗಿರಣಿ ಕಡೆ ಯಾಕೆ ನೋಡ್ತೀಯ ಈಗ…

ಗೊತ್ತು ಕಣೇ. ಹೆಂಗಸಿನ ಕೈದುಡಿಮೆ ಹೆಂಗಸಿಂದೇ. ಅದಕ್ಕೆ ಹರಾರೆ ಕಾನೂನು ಬೇಕಾಗಿಲ್ಲ, ಅಜ್ಜಂದಿರ ಕಾನೂನೇ ಇದೆ. ಮಡಕೆ ಮಾರಿ ತಂದ ಮೇಕೆ, ಹೆರಿಗೆ ಮಾಡಿಸಿ ತಂದ ಕೋಳಿ, ಅದನ್ನ ಗಂಡನ ಕಡೆಯವರು ಮುಟ್ಟಿದರೆ ಅವಳ ಸತ್ತ ತಾಯಿ ಎದ್ದು ಬಂದು ಮನೆ ಹಾಳು ಮಾಡ್ತಾಳೆ. ಗಂಡಸರಿಗೂ ಗೊತ್ತು. ಬೇಲಿಯೇ ಎದ್ದು ಹೊಲ ಮೇಯೋವಾಗ ಯಾರಿಗೂ ನೆನಪಾಗಲ್ಲ, ಅಷ್ಟೇ. ಆದ್ರೆ ಗಿರಣಿ ನಿನ್ನ ಕೈದುಡಿಮೆ ಅಂತ ಹೇಳೋರು ಯಾರು? ಸಾಕ್ಷಿ ಬೇಕಲ್ಲ, ಸಾಕ್ಷಿ! ಯಾರು ನೋಡಿದಾರೆ? ಯಾರು…

ಹಾಗೆ ನೋಡಬೇಡ ಅಂದೆ.

ನೋಡಿದೀನಿ. ನಾನೇ ನೋಡಿದೀನಿ. ಆಯ್ತಾ? ಜೊಹಾನ್ಸ್‌ಬರ್ಗ್ ದಾರೀಲಿ ನಿನ್ನನ್ನ ಮೊದಲ ಸಲ ಬಸ್ಸು ಹತ್ತಿಸಿದೋಳೇ ನಾನು. ಬಿಳೀ ನೂಲು, ಆ ಕೊಕ್ಕೆಕಡ್ಡಿ, ಗಡೀಲಿ ಸಾಲು ನಿಂತಾಗಲೂ ನಿನ್ನ ಬೆರಳು ನಿಲ್ತಿರಲಿಲ್ಲ. ಅನಾನಸ್ ಹಣ್ಣಿನ ಚಿತ್ರದ ಮೇಜುಹೊದಿಕೆ! ಬಿಳೀ ಹೆಂಗಸರು ಬೆರಳಲ್ಲಿ ಸವರಿ ಸವರಿ ನೋಡಿ ಚೌಕಾಸಿ ಮಾಡೋರು, ನೀನು 'ಆಯ್ತಮ್ಮ, ಆಯ್ತಮ್ಮ' ಅನ್ನೋಕೆ ಹೋಗ್ತಿದ್ದೆ, ನಾನು ಕಾಲು ತುಳೀತಿದ್ದೆ. ಬಸ್ ನಿಲ್ದಾಣದ ಸಿಮೆಂಟಿನ ಮೇಲೆ ಒಂದೇ ಕಂಬಳಿಯಲ್ಲಿ ಮಲಗಿದ್ದು, ನೀನು ದುಡ್ಡನ್ನ ಮಗುವಿನ ಹಾಗೆ ಹೊಟ್ಟೆಗೆ ಕಟ್ಕೊಂಡಿದ್ದು… ಆ ನೂಲಿನಿಂದಲೇ ಆ ಇಂಜಿನ್ನು ಬಂತು. ಟವೆಂಗ್ವ ಲಾರಿಯಲ್ಲಿ ಹೊತ್ತು ತಂದ, ಅಷ್ಟೇ.

ಮೊನ್ನೆ ಹಿರಿಯರು ನನ್ನನ್ನ ಕರೆದು ಕೇಳಿದರು. ನಾನು ಸುಳ್ಳು ಹೇಳಲಿಲ್ಲ! 'ಗಿರಣಿ ತಂದದ್ದು ಯಾರು?' ಅಂದರು. 'ಟವೆಂಗ್ವ' ಅಂದೆ. ತಂದದ್ದು ಅವನೇ ತಾನೇ? ದುಡ್ಡು ಯಾರದ್ದು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದ ಮಾಲನ್ನ ಯಾವ ಅಂಗಡಿಯವಳು ತೂಗಿ ಕೊಡ್ತಾಳೆ?

ಏನಾದರೂ ಅನ್ನು. ಬೈ. ಬೈಯೋದಕ್ಕೆ ಕಾಸು ಕೊಡಬೇಕಾಗಿಲ್ಲ.

ಏನು ಆಲಿಸ್ತಾ ಇದೀಯ? …ಡೋಲು ನಿಂತಿದೆ. ಬಾರಿಸೋರಿಗೂ ಬಾಯಾರುತ್ತೆ. …ಅದಲ್ವಾ? ಮತ್ತೇನು? ನೊಣ. ಮಕ್ಕಳು. ಸೌದೆ ಸಿಡಿಯೋದು. ಇನ್ನೇನು ಕೇಳಿಸಬೇಕು?

…ಗಿರಣಿ. ಹ್ಞೂಂ. ಸದ್ದಿಲ್ಲ. ಕಾರ್ಯದ ದಿನ ಅಲ್ವೇ, ಯಾರು ಜೋಳ ಬೀಸಿಸ್ತಾರೆ… ಬೀಸಿಸ್ತಾರೆ. ಅರ್ಧ ಊರು ಇಲ್ಲೇ ಉಣ್ಣಬೇಕಲ್ಲ. ಬೆಳಿಗ್ಗೆ ಓಡ್ತಿತ್ತು. ನೀನು ಬಿಲ್ಲಿನ ಮುಂದೆ ನಿಂತಾಗ ಓಡ್ತಿತ್ತು, ಗುಡ್ಡಕ್ಕೆಲ್ಲ ಕೇಳೋ ಹಾಗೆ. ನೀನು ಆಚೆ ಕಾಲಿಟ್ಟಾಗ… ಹೆಂಗಸರ ಕೇಕೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅದಕ್ಕೇ ಗಿರಣಿ ನಿಲ್ಲಿಸೋಕೆ ಆ ಹೊತ್ತನ್ನೇ ಆರಿಸ್ಕೊಂಡದ್ದು.

ಏಳಬೇಡ. ಕೂರು. ಕೂರೇ! ಹೋಗಿ ನೋಡೋಕೆ ಅಲ್ಲೇನೂ ಇಲ್ಲ. ಬಿಚ್ಚಿದಾರೆ. ಬೋಲ್ಟು, ಬೆಲ್ಟು, ಎಲ್ಲ. ಲಾರಿ ಮೇಲಿದೆ, ತಾಡಪಾಲು ಹೊದೆಸಿದಾರೆ.

ಯಾರ ಲಾರಿ ಅಂತ ಕೇಳೋ ಹಾಗೆ ನೋಡ್ತೀಯಲ್ಲ! ಈ ಊರಲ್ಲಿರೋದು ಒಂದೇ ಲಾರಿ, ನನ್ನ ಅಂಗಡಿದು.

ನಿನ್ನ ಅಂಗಳದಲ್ಲೇ ಉಳಿಯುತ್ತೆ ಅಂದೆ. ಅಂದೆ. ಅಂಗಡಿಯವರು ಅನ್ನೋದು ಹಾಗೇ. ಹೂಂ ಅಂದ್ರೂ ಗಿರಣಿ ನನ್ನ ಅಂಗಡಿ ಹಿಂದಕ್ಕೆ ಹೋಗುತ್ತೆ, ಉಹೂಂ ಅಂದ್ರೂ ಅಲ್ಲಿಗೇ. ಗಿವ್‌ಮೋರನ ಮಾತು. ಬೀಸಿದ್ದರಲ್ಲಿ ಅರ್ಧ ನನಗೆ, ಅರ್ಧ ಅವನಿಗೆ. ನೀನು ಉಹೂಂ ಅಂದು ಬಸ್ಸು ಹತ್ತಿದರೆ ಕೋರ್ಟಿನವರು ಬಂದು ನೋಡೋ ಹೊತ್ತಿಗೆ ಇಲ್ಲಿ ನಾಲ್ಕು ಬೋಲ್ಟಿನ ತೂತು ಇರಬೇಕು, ಅಷ್ಟೇ.

ಆಸೆಯಾ? ಆಸೆ ಅಂತಲೇ ಅಂದ್ಕೋ. ಆಸೆಬುರುಕಿ ಅಂತ ಬೈದರೆ ನನಗೆ ಮೈ ಹಗುರ ಆಗುತ್ತೆ. ಬೈ.

…ಹೀಗೆ ಸುಮ್ಮನಿರಬೇಡ್ವೇ! ನನ್ನ ಗಂಡ ಕೂಗಾಡಿದಾಗ ತಡ್ಕೊಂಡೆ, ಅಪ್ಪ ಬಾಗಿಲು ಹಾಕ್ಕೊಂಡಾಗ ತಡ್ಕೊಂಡೆ. ನಿನ್ನ ಈ ಮೌನ ತಡ್ಕೊಳ್ಳೋಕಾಗ್ತಿಲ್ಲ. ಕೇಳು. ಆಸೆ ಅಲ್ಲ.

ನನ್ನ ಅಂಗಡಿ ಯಾರ ನೆಲದ ಮೇಲಿದೆ? ಟವೆಂಗ್ವ ಕೊಟ್ಟ ಮೂಲೆ ಮೇಲೆ. ಟವೆಂಗ್ವ ಎಲ್ಲಿ? ಮಣ್ಣಲ್ಲಿ. ಈಗ ಮನೆ ಯಜಮಾನ ಯಾರು? ಗಿವ್‌ಮೋರ್. ಹೋದ ತಿಂಗಳು ಬಂದ ಕಣೇ, ನನ್ನ ಗಲ್ಲಾದ ಮೇಲೆ ಕಾಲಿಟ್ಕೊಂಡು ಕೂತ. ನನ್ನ ಸೋಡಾ ಕುಡೀತಾ ಹೇಳಿದ: 'ಅಕ್ಕ, ಲಾರಿ ಕೊಡು, ಬಾಯಿ ಮುಚ್ಕೊಂಡಿರು, ಅವಳನ್ನ ಒಪ್ಪಿಸು. ಆಗದಿದ್ದರೆ ತಗಡು ಕಿತ್ಕೊಂಡು ನಿನ್ನ ಗಂಡನ ಮನೆಗೆ ನಡಿ. ಅವನಿನ್ನೂ ಗಟ್ಟಿಮುಟ್ಟಾಗೇ ಇದಾನೆ, ವಿಚಾರಿಸಿದೆ.' ಗಟ್ಟಿಮುಟ್ಟಾಗಿದಾನೆ ಅಂದ! ನಗ್ತಾ ಅಂದ! ನನ್ನ ಬಾಯಲ್ಲಿ ಮಿಕ್ಕ ಹಲ್ಲು ಎಣಿಸ್ತಿದ್ದ ಹಾಗಿತ್ತು ಅವನ ಕಣ್ಣು.

ಆ ಪಟ್ಟಣದ ಹುಡುಗಿಯನ್ನ ಕೇಳಿದೆ. ಎಲ್ಲರೂ ಹೋದ ಮೇಲೆ, ಸೋಡಾ ಬಾಟ್ಲಿ ಆಯ್ಕೋತಾ ಗುಟ್ಟಾಗಿ ಕೇಳಿದೆ. 'ಹೆಂಡತಿಗೆ ಆಯ್ತು, ಮಗಳಿಗೂ ಆಯ್ತು. ತಮ್ಮಂದಿರ ನೆಲದ ಮೇಲೆ ಅಂಗಡಿ ಹಾಕಿರೋ ಅಕ್ಕನಿಗೆ ನಿಮ್ಮ ಕಾನೂನಲ್ಲಿ ಏನಿದೆ ತಾಯಿ?' ಪಾಪ, ಒಳ್ಳೇ ಹುಡುಗಿ. ತಲೆ ತಗ್ಗಿಸಿದಳು. 'ಅದು ಇನ್ನೂ ಬಂದಿಲ್ಲ ಅಮ್ಮ' ಅಂದಳು. ಬಂದಿಲ್ಲ! ಮಾಲು ಮುಗಿದಿದೆ ಅಂತ ಗಿರಾಕಿಗೆ ನಾನು ಹೇಳ್ತೀನಲ್ಲ, ಅದೇ ಧ್ವನಿ.

ನಾನೆಲ್ಲಿ ಹೋಗಲಿ ಹೇಳು? ಈ ವಯಸ್ಸಲ್ಲಿ ಆ ಬಾಗಿಲಿಗೆ ಮತ್ತೆ… ಹೇಳೇ! ನೀನು ಗಿವ್‌ಮೋರನ ಮೂರನೆಯವಳಾದರೆ ದಿನಕ್ಕೊಂದು ಮಾತು ಕೇಳಿಸ್ಕೋತೀಯ, ವಾರಕ್ಕೊಂದು ಏಟು ತಿಂತೀಯ, ಆದ್ರೆ ಛಾವಣಿ ಇರುತ್ತೆ. ನನಗೂ ಇರುತ್ತೆ. ಇಬ್ಬರಿಗೂ ಛಾವಣಿ. ಕೆಟ್ಟ ವ್ಯಾಪಾರವೇ. ಒಪ್ತೀನಿ. ಆದ್ರೆ ಈ ಸಂತೆಯಲ್ಲಿ ಬೇರೆ ಮಾಲಿಲ್ಲ…

ಕರೀತಿದಾರೆ, ಕೇಳಿಸ್ತಾ? 'ನೆಟ್ಸಾಯಿ! ತಲೆ ಕಟ್ಟೋದೋ ಗುಡಿಸಲು ಕಟ್ಟೋದೋ?' ಅಂತೆ. …ಬಂದ್ವಿ! ಬಂದ್ವಿ! ಹೊಸ ಮಡಕೆ ತೆಗೀರಿ!

ಏನೇ ಇದು… ಎದ್ದೆ? ಹ್ಞಾ, ಹಾಗೆ! ಮಂಡಿಯೂರು. ಬಂದೆಯಲ್ಲ ದಾರಿಗೆ! ನನಗೆ ಗೊತ್ತಿತ್ತು ನೀನು ಬುದ್ಧಿವಂತೆ ಅಂತ. ಇಲ್ಲೇ ಒಂದು ಸಲ ಮಾಡಿಬಿಡು, ಹೊರಗೆ ತಪ್ಪಾಗಲ್ಲ. ನಾನೇ ಗಿವ್‌ಮೋರ್, ಸರಿನಾ? ಕೋಲು ಅಡ್ಡ ಹಿಡಿ. ಎರಡು ಅಂಗೈ. ಕಣ್ಣು ಕೆಳಗೆ… ಕಣ್ಣು ಕೆಳಗೆ ಅಂದೆ, ನನ್ನನ್ನ ಯಾಕೆ ನೋಡ್ತೀಯ? ಹ್ಞೂಂ, ಚಾಚು. ಇನ್ನೂ ಸ್ವಲ್ಪ. ಹಾಗೆ. ನಾನು ಹೀಗೆ ಇಸ್ಕೋತೀನಿ, ಎರಡೂ ಕೈಲಿ…

ಸರಿಯಾಯ್ತು. ಚೆನ್ನಾಗಾಯ್ತು. ತಗೋ ಈಗ ವಾಪಸ್ಸು.

ತಗೋ.

ಯಾಕೆ ಕೈ ಹಿಂದೆ ಕಟ್ಕೊಂಡೆ? ತಗೊಳ್ಳೇ! ಆಟ ಇದು. ಗಿವ್‌ಮೋರ್ ಅಂದ್ಕೋ ಅಂದೆನಲ್ಲ, ಕೇಳಿಸಲಿಲ್ವಾ? ನಿನಗೆ ಕೇಳಿಸ್ತು. ಇಲ್ಲಿರೋ ಎಲ್ಲರಿಗೂ… ಅಯ್ಯೋ.

ಅಜ್ಜಿ! ಸೆಕಾಯಿ ಅಜ್ಜಿ! ಕೇಕೆ ಹಾಕಬೇಡ! ಅಲ್ಲ ಅಜ್ಜಿ, ಇದು ಬರೀ… ಯಾರಾದರೂ ಆ ಮುದುಕಿ ಬಾಯಿ ಮುಚ್ಚಿಸ್ರೋ! ಅದಕ್ಕೆ ಮಾತು ಕೇಳಿಲ್ಲ. ಅದು ನೋಡಿದ್ದು ಇಷ್ಟೇ: ನೀನು ಮಂಡಿಯೂರಿದೆ, ನಾನು ಎರಡೂ ಕೈಲಿ ಇಸ್ಕೊಂಡೆ. ಅದೂ ಸತ್ತ ಹಿರಿಯರಿಗೆ ಅಂತ ಈ ಗುಡಿಸಲಲ್ಲಿ ಇಟ್ಟಿರೋ ಮಡಕೆಗಳ ಮುಂದೆ, ಅವರ ಮುಂದೆ ಮಾಡಿದ್ದು ಆಟ ಆಗಲ್ಲ. ಹೊರಗೆ ಹೆಂಗಸರೂ ಶುರು ಮಾಡಿದರು, ಕೇಳು. ಒಬ್ಬಳಿಂದ ಒಬ್ಬಳಿಗೆ ಹತ್ತಿಕೊಳ್ತಿದೆ. ಹುಲ್ಲಿಗೆ ಬೆಂಕಿ ಬಿದ್ದ ಹಾಗೆ…

ನೀನು… ನೀನು ಬೇಕೆಂದೇ ಮಾಡಿದೆ. ಜೊಹಾನ್ಸ್‌ಬರ್ಗಿನಲ್ಲಿ 'ಆಯ್ತಮ್ಮ ಆಯ್ತಮ್ಮ' ಅಂತಿದ್ದವಳು! ಚೌಕಾಸಿ ಕಲಿಸಿದ್ದು ನಾನು, ನನಗೇ ತೂಗಿಬಿಟ್ಟೆ.

ಈ ಕೋಲು ಹಿಡ್ಕೊಂಡು ಹೊರಗೆ ಹೋಗಿ ಏನು ಹೇಳಲಿ? ಗಿರಣಿ ಯಾರದು ಅಂತ ಕೇಳಿದರೆ? ಇದನ್ನ ಹಿಡ್ಕೊಂಡು ಸುಳ್ಳು ಹೇಳೋ ಹಾಗಿಲ್ಲ. ಬಿಟ್ಟುಬಿಡೋಣ ಅಂದ್ರೆ ನೆಲಕ್ಕೆ ಹಾಕೋ ಹಾಗಿಲ್ಲ. ನೋಡು, ಬೆರಳು ಬಿಡಿಸೋಕೇ ಬರ್ತಿಲ್ಲ. ಟವೆಂಗ್ವ ಹಿಡಿದು ಹಿಡಿದು ಹಿಡಿ ನುಣ್ಣಗಾಗಿದೆ… ಅವನ ಅಂಗೈ ಹೇಗಿತ್ತೋ ಹಾಗೇ ಇದೆ ಕಣೇ.

ಲಾರಿ ಬೀಗದ ಕೈ ನನ್ನ ಸೊಂಟದಲ್ಲಿದೆ. ಅದೊಂದು ಕೊಟ್ಟಿಲ್ಲ ಅವನಿಗೆ. ಯಾಕೆ ಕೊಡಲಿಲ್ಲವೋ! ಯಾವತ್ತೂ ಮರೆಯೋಳಲ್ಲ.

ಸ್ವಲ್ಪ ತಡಿ. ಹೋಗೋಣ, ಹೋಗಲೇಬೇಕು, ಒಂದು ಗಳಿಗೆ ತಡಿ. ಒಂದಿಷ್ಟು ಕೂರ್ತೀನಿ. …ಏನು? ನಿನ್ನ ಚಾಪೆ ಮೇಲೆ ಸರೀತೀಯಾ? ಜಾಗ ಬಿಡ್ತಿದೀಯಾ ನನಗೆ?

ಸರಿ. ಲೆಕ್ಕ ಹಾಕೋಣ. ಅಂಗಡಿ ಹೋಯ್ತು. ಸಂಜೆಯೊಳಗೆ ತಗಡು ಕೀಳಿಸ್ತಾನೆ. ಗಿರಣಿ ಹೋಯ್ತು, ಅದು ಮೊದಲೂ ನನ್ನದಲ್ಲ. ಕೊನೇ ತಮ್ಮನೂ ಹೋದ. ತವರು ಅಂತ ಇದ್ದದ್ದೂ ಹೋಯ್ತು. ಈ ಕಡೆ ಬಂದದ್ದು ಏನು? ಒಂದು ಕೋಲು. ಅರ್ಧ ಚಾಪೆ.

ಅಷ್ಟೇ.